ಜಾಹೀರಾತಿನ ದರ ಮತ್ತು ಅಚೌರ್ಯಾಣುವ್ರತ

ಅಂಗಡಿಯಲ್ಲಿ ಮಾರುವ ವಸ್ತುವಿಗೆ ಬೆಲೆ ಗೊತ್ತುಮಾಡುವುದು ಅಷ್ಟೇನೂ ಕಠಿಣವಲ್ಲ. ಕೊಂಡ ದರಕ್ಕೆ ಸಾಗಣೆ, ಬಾಡಿಗೆ, ಬಡ್ಡಿಗಳನ್ನು ಕೂಡಿಸಿ, ಅದರ ಮೇಲೆ ಮಿತವಾದ ಲಾಭವನ್ನಿಟ್ಟರೆ ಬೆಲೆ ಸಿದ್ಧವಾಗುತ್ತದೆ. ಗಿರಾಕಿಯೂ ವಸ್ತುವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಾನೆ, ತಕ್ಕಡಿಯ ಮುಳ್ಳನ್ನು ನೋಡುತ್ತಾನೆ, ಮನಸ್ಸಿಗೆ ಬಾರದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಆದರೆ ಒಂದು ಸಣ್ಣ ಪತ್ರಿಕೆಯು ತನ್ನ ಪುಟವನ್ನು ಜಾಹೀರಾತಿಗೆಂದು ಮಾರುವಾಗ, ಅದು ನಿಜವಾಗಿ ಮಾರುವ ವಸ್ತು ಯಾವುದು? ಕಾಗದವೂ ಮಸಿಯೂ ಅದರ ಅಲ್ಪಾಂಶ. ಉಳಿದುದೆಲ್ಲ ಆ ಪುಟದ ಮೇಲೆ ಹರಿಯಬಹುದಾದ ವಾಚಕರ ಕಣ್ಣು. ಅದನ್ನು ಕೊಳ್ಳುವವನು ಮುಟ್ಟಿ ನೋಡಲಾರ, ತೂಗಿ ನೋಡಲಾರ. ಮಾರುವವನ ಮಾತೇ ಅವನ ಪಾಲಿಗೆ ತಕ್ಕಡಿ. ಹೀಗಿರುವಾಗ ನ್ಯಾಯವಾದ ದರ ಯಾವುದೆಂಬ ಪ್ರಶ್ನೆಯು ಲೆಕ್ಕದ ಪುಸ್ತಕವನ್ನು ದಾಟಿ ವ್ರತದ ಪ್ರಶ್ನೆಯಾಗುತ್ತದೆ. ಸಮಾಜದ ಪತ್ರಿಕೆಗಳನ್ನು ನಡೆಸುವವರೂ, ಬಸದಿಯ ಉತ್ಸವಗಳಿಗೆ ಸ್ಮರಣ ಸಂಚಿಕೆ ತರುವ ಟ್ರಸ್ಟಿನವರೂ ಇದಕ್ಕೆ ಉತ್ತರ ಕೊಡಬೇಕಾದವರೇ.

ದೊಡ್ಡ ಪತ್ರಿಕೆಗಳ ಮಟ್ಟಿಗೆ ಇದಕ್ಕೊಂದು ವ್ಯವಸ್ಥೆ ಬಹುಕಾಲದಿಂದ ಬೆಳೆದುಬಂದಿದೆ. 1833ರಲ್ಲಿ ನ್ಯೂಯಾರ್ಕ್ ನಗರದಲ್ಲಿ ‘ಸನ್’ ಪತ್ರಿಕೆಯು ಒಂದು ಸೆಂಟಿಗೆ ಮಾರಾಟವಾಗತೊಡಗಿದಾಗ, ಪತ್ರಿಕೆಯ ಖರ್ಚನ್ನು ಓದುಗನಿಗಿಂತ ಹೆಚ್ಚಾಗಿ ಜಾಹೀರಾತುದಾರನೇ ಹೊರುವ ಪದ್ಧತಿಗೆ ದಾರಿಯಾಯಿತು. ಅದರ ಬೆನ್ನಲ್ಲೇ ಪ್ರತಿಗಳ ಸಂಖ್ಯೆಯನ್ನು ಹಿಗ್ಗಿಸಿ ಹೇಳುವ ಚಾಳಿಯೂ ಬೆಳೆಯಿತು. ಅದನ್ನು ತಡೆಯಲೆಂದು ಅಮೆರಿಕದಲ್ಲಿ 1914ರಲ್ಲಿಯೂ ನಮ್ಮ ದೇಶದಲ್ಲಿ 1948ರಲ್ಲಿಯೂ ಪ್ರಸಾರ ಸಂಖ್ಯೆಯನ್ನು ಪರಿಶೋಧಿಸುವ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಸಂಸ್ಥೆಗಳು ಹುಟ್ಟಿದವು. ನಮ್ಮಲ್ಲಿ ಸದಸ್ಯ ಪತ್ರಿಕೆಗಳ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಪರಿಶೋಧಕರು ತಪಾಸಣೆ ಮಾಡುತ್ತಾರೆ. ಜಾಹೀರಾತುದಾರನು ಕಾಲಂ ಸೆಂಟಿಮೀಟರಿನ ದರವನ್ನು ಪ್ರಸಾರ ಸಂಖ್ಯೆಯಿಂದ ಭಾಗಿಸಿ, ಸಾವಿರ ಪ್ರತಿಗೆ ಎಷ್ಟು ಬಿದ್ದಿತೆಂದು ಹೋಲಿಸಬಲ್ಲ. ಆದರೆ ಸಾವಿರ ಪ್ರತಿ ಅಚ್ಚು ಹಾಕಿಸುವ ತ್ರೈಮಾಸಿಕಕ್ಕೆ ಇಂಥ ತಪಾಸಣೆಯ ವೆಚ್ಚವನ್ನು ಹೊರುವ ಶಕ್ತಿಯಿಲ್ಲ. ಅಲ್ಲಿ ಪರಿಶೋಧಕನ ಸ್ಥಾನದಲ್ಲಿ ಕುಳಿತಿರಬೇಕಾದುದು ಸಂಪಾದಕನ ಅಂತಃಸಾಕ್ಷಿ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳಿಗೆ ತಗಲುವ ಅತಿಚಾರಗಳನ್ನು ಎಣಿಸಿದ್ದಾರೆ. ಅಚೌರ್ಯಕ್ಕೆ ಸಂಬಂಧಿಸಿದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂಬ ಎರಡು ನೇರವಾಗಿ ವರ್ತಕರ ಕೈಗೆ ಕನ್ನಡಿ ಹಿಡಿಯುತ್ತವೆ. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಮೊದಲನೆಯದು; ಉತ್ತಮವೆಂದು ತೋರುವಂತೆ ಹೀನವಾದುದನ್ನು ಬೆರೆಸಿ ಕೊಡುವುದು ಎರಡನೆಯದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ ಮಾಡುವುದು, ಸೇರಿದೆ. ಜಾಹೀರಾತಿನ ದರವನ್ನು ವಿಚಾರಿಸಲು ಈ ಮೂರು ಸಾಕು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. 64 ಪುಟಗಳ ಒಂದು ಸಂಚಿಕೆಯನ್ನು 1,000 ಪ್ರತಿ ಅಚ್ಚು ಹಾಕಿಸಿ ಅಂಚೆಗೆ ಹಾಕಲು ಒಟ್ಟು 56,000 ರೂಪಾಯಿ ತಗಲುತ್ತದೆ. ಚಂದಾಹಣದ ಪಾಲು 32,000 ರೂಪಾಯಿ. ಉಳಿದ 24,000 ರೂಪಾಯಿಯನ್ನು 12 ಪುಟದ ಜಾಹೀರಾತಿನಿಂದ ತುಂಬಿಸಬೇಕಾದರೆ ಪುಟವೊಂದಕ್ಕೆ 2,000 ರೂಪಾಯಿ ಬೀಳುತ್ತದೆ. ಸಂಪಾದಕನು ಜಾಹೀರಾತುದಾರನಿಗೆ, “ಸಾವಿರ ಪ್ರತಿ ಅಚ್ಚಾಗುತ್ತದೆ, ಪ್ರತಿಗೆ ಎರಡೇ ರೂಪಾಯಿ ಬಿತ್ತು” ಎನ್ನುತ್ತಾನೆ. ಅವನು ಹೇಳಿದ ಸಂಖ್ಯೆ ಸುಳ್ಳಲ್ಲ. ಮುದ್ರಣಾಲಯದ ಬಿಲ್ಲಿನಲ್ಲಿ ಸಾವಿರವೆಂದೇ ಇದೆ. ಆದರೆ ಆ ಸಾವಿರದಲ್ಲಿ 700 ಪ್ರತಿ ಚಂದಾದಾರರಿಗೆ, 100 ಗೌರವ ಪ್ರತಿಯಾಗಿ ಹೋಗಿ, ಉಳಿದ 200 ಕಾರ್ಯಾಲಯದ ಅಟ್ಟ ಸೇರುತ್ತವೆ. ಜನರ ಮನೆಗೆ ಮುಟ್ಟಿದ್ದು 800. ಪ್ರತಿಗೆ ಬಿದ್ದದ್ದು ಎರಡೂವರೆ ರೂಪಾಯಿ. ಒಂದು ಕಿಲೋ ಎಂದು ಹೇಳಿ 800 ಗ್ರಾಂ ಅಕ್ಕಿ ಅಳೆದುಕೊಟ್ಟ ವರ್ತಕನನ್ನು ನಾವು ಏನೆಂದು ಕರೆಯುತ್ತೇವೆ? ಅಕ್ಕಿಯ ಗಿರಾಕಿಯಾದರೂ ಮನೆಗೆ ಹೋಗಿ ಮತ್ತೆ ತೂಗಿ ನೋಡಿಯಾನು. ಜಾಹೀರಾತು ಕೊಟ್ಟವನು ಅಟ್ಟ ಹತ್ತಿ ನೋಡುವುದಿಲ್ಲ. ಕೇಳುವವನು ಒಂದರ್ಥದಲ್ಲಿ ತಿಳಿಯುವನೆಂದು ಬಲ್ಲೆವಾದರೂ ಇನ್ನೊಂದರ್ಥದಲ್ಲಿ ನಿಜವಾಗುವ ಮಾತನ್ನಾಡುವುದು ಸತ್ಯವ್ರತಕ್ಕೆ ಸಲ್ಲದು. ಅದನ್ನೇ ದರಪಟ್ಟಿಯಲ್ಲಿ ಅಚ್ಚು ಹಾಕಿಸಿದರೆ ಕೂಟಲೇಖವೂ ಆಯಿತು.

ಸಂಖ್ಯೆಯನ್ನು ನಿಜವಾಗಿ ಹೇಳಿದ ಮೇಲೂ ದರದ ಪ್ರಶ್ನೆ ಉಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಪುಟವೊಂದರ ಖರ್ಚು 875 ರೂಪಾಯಿ. ಇದಕ್ಕಿಂತ ಕಡಿಮೆಗೆ ಕೊಟ್ಟರೆ, ಒಬ್ಬ ವರ್ತಕನ ಪ್ರಚಾರದ ಖರ್ಚನ್ನು ಚಂದಾದಾರನ ಜೇಬಿನಿಂದ ತೆತ್ತಂತಾಗುತ್ತದೆ. ಸ್ನೇಹಕ್ಕಾಗಿ ಪುಟವನ್ನು ಬಿಟ್ಟಿಯಾಗಿ ಕೊಡುವ ಸಂಪಾದಕನು ತನ್ನದಲ್ಲದ್ದನ್ನು ದಾನ ಮಾಡುತ್ತಿದ್ದಾನೆಂಬುದನ್ನು ಮರೆಯಬಾರದು. ಇದು ಕೆಳಗಿನ ಮಿತಿ. ಮೇಲಿನ ಮಿತಿಯನ್ನು ಗೊತ್ತುಮಾಡುವುದು ಜಾಹೀರಾತುದಾರನಿಗೆ ಆಗಬಹುದಾದ ಪ್ರಯೋಜನ. ಪೂಜಾಸಾಮಗ್ರಿ ಮಾರುವವನಿಗೆ ಆ 800 ಮನೆಗಳೂ ಗಿರಾಕಿಗಳ ಮನೆಗಳೇ. ಅವನಿಗೆ 2,000 ರೂಪಾಯಿ ಹೆಚ್ಚಲ್ಲ. ಟ್ರ್ಯಾಕ್ಟರಿನ ಬಿಡಿಭಾಗ ಮಾರುವವನಿಗೆ ಆ ಮನೆಗಳಲ್ಲಿ ಹತ್ತು ಉಪಯೋಗಕ್ಕೆ ಬಂದರೆ ದೊಡ್ಡದು. ಈ ಮಾತನ್ನು ಅವನು ಕೇಳದೆ ಹೋದರೂ ತಿಳಿಸುವುದು ಸಂಪಾದಕನ ಕರ್ತವ್ಯ.

ಇಲ್ಲಿ ಶ್ರೀಮದ್ ರಾಜಚಂದ್ರರ (1867–1901) ವಿಷಯದಲ್ಲಿ ಪ್ರಚಲಿತವಾಗಿರುವ ವೃತ್ತಾಂತವೊಂದು ನೆನಪಾಗುತ್ತದೆ. ಮುಂಬಯಿಯಲ್ಲಿ ರತ್ನವ್ಯಾಪಾರ ಮಾಡುತ್ತಿದ್ದ ಅವರಿಗೆ, ಗೊತ್ತಾದ ದರದಲ್ಲಿ ವಜ್ರಗಳನ್ನು ಕೊಡುವುದಾಗಿ ಒಬ್ಬ ವ್ಯಾಪಾರಿ ಬರೆದುಕೊಟ್ಟಿದ್ದನಂತೆ. ಅಷ್ಟರಲ್ಲಿ ಪೇಟೆಯ ಬೆಲೆ ಏರಿ, ಕರಾರಿನಂತೆ ನಡೆದರೆ ಅವನ ಮನೆಯೇ ಮುಳುಗುವ ಸ್ಥಿತಿ ಬಂದಿತು. ರಾಜಚಂದ್ರರು ಕರಾರು ಪತ್ರವನ್ನು ಹರಿದುಹಾಕಿ ಅವನನ್ನು ಬಿಡುಗಡೆ ಮಾಡಿದರೆಂದು ಹೇಳುತ್ತಾರೆ. ಕಾಯಿದೆಯು ಅವರ ಪಕ್ಷದಲ್ಲಿಯೇ ಇತ್ತು. ಎದುರಿನವನ ಹಾನಿಯಿಂದ ಬರುವ ಹಣವು ಲಾಭವೆಂಬ ಹೆಸರಿಗೆ ಯೋಗ್ಯವಲ್ಲವೆಂಬುದೇ ಅದರ ತಾತ್ಪರ್ಯ. ತಿಳಿದವನು ತಿಳಿಯದವನೊಡನೆ ವ್ಯವಹರಿಸುವಾಗ ಇಬ್ಬರ ಹಿತವನ್ನೂ ಕಾಯುವ ಹೊಣೆ ತಿಳಿದವನದೇ.

ಇನ್ನು ನಮ್ಮ ಸಮಾಜದಲ್ಲಿಯೇ ಆಳವಾಗಿ ಬೇರೂರಿರುವ ಒಂದು ಪದ್ಧತಿಯನ್ನು ಎತ್ತಿಕೊಳ್ಳಬೇಕು. ಪಂಚಕಲ್ಯಾಣವೋ ಜೀರ್ಣೋದ್ಧಾರವೋ ನಡೆಯುವಾಗ ಸ್ಮರಣ ಸಂಚಿಕೆ ಹೊರಡುತ್ತದೆ. ಹಿರಿಯರು ನಾಲ್ವರು ಒಟ್ಟಾಗಿ ಅಂಗಡಿಗೆ ಬಂದು, “ನಿಮ್ಮದೊಂದು ಪುಟ ಇರಲಿ” ಎನ್ನುತ್ತಾರೆ. ಪುಟದ ದರ 5,000 ರೂಪಾಯಿ. ವರ್ತಕನಿಗೆ ಅದರಿಂದ ವ್ಯಾಪಾರ ಬೆಳೆಯುವುದಿಲ್ಲವೆಂದು ಬಂದವರಿಗೂ ಗೊತ್ತು, ಅವನಿಗೂ ಗೊತ್ತು. ಇಲ್ಲವೆನ್ನಲು ಅವನಿಗೆ ಬಾಯಿ ಬಾರದು. ಹಾಗಾದರೆ ಕೊಟ್ಟ ಹಣ ಬೆಲೆಯೋ ದಾನವೋ? ಬೆಲೆಯೆಂದರೆ ಅದಕ್ಕೆ ತಕ್ಕ ವಸ್ತು ಸಿಗಲಿಲ್ಲ. ದಾನವೆಂದರೆ ಸ್ವಸಂತೋಷದಿಂದ ಕೊಟ್ಟದ್ದಲ್ಲ. ಅನುಗ್ರಹಬುದ್ಧಿಯಿಂದ ತನ್ನದನ್ನು ತಾನಾಗಿ ಬಿಟ್ಟುಕೊಡುವುದೇ ದಾನವೆಂದು ನಮ್ಮ ಆಚಾರ್ಯರು ಹೇಳಿರುವಾಗ, ದಾಕ್ಷಿಣ್ಯದಿಂದ ಹಿಂಡಿದ ಹಣವು ಆ ಹೆಸರಿಗೆ ಅರ್ಹವಾಗದು. ಲೆಕ್ಕಪತ್ರದಲ್ಲಿಯೂ ತೊಡಕುಂಟು. ಜಾಹೀರಾತು ವ್ಯಾಪಾರದ ಖರ್ಚು. ಅದು ಲಾಭದಲ್ಲಿ ಕಳೆಯುತ್ತದೆ. ದಾನಕ್ಕೆ ತೆರಿಗೆಯ ನಿಯಮವೇ ಬೇರೆ. ಒಂದನ್ನು ಇನ್ನೊಂದರ ಖಾತೆಯಲ್ಲಿ ಬರೆದಾಗ ಕೊಟ್ಟವನೂ ತೆಗೆದುಕೊಂಡವನೂ ಕೂಡಿಯೇ ಕೂಟಲೇಖವನ್ನು ಮಾಡಿದಂತಾಗುತ್ತದೆ.

ಇದಕ್ಕೆ ಪರಿಹಾರ ಸರಳವಾಗಿದೆ. ಪುಟಕ್ಕೆ ನ್ಯಾಯವಾದ ದರ 2,000 ಎಂದಾದರೆ ಅಷ್ಟಕ್ಕೆ ಒಂದು ರಸೀದಿ. ಅದರ ಮೇಲೆ ಕೊಡುವ ಮನಸ್ಸಿದ್ದರೆ ದಾನವೆಂದು ಇನ್ನೊಂದು ರಸೀದಿ. ಕಾರ್ಯಕ್ಕೆ ಬೇಕಾದ ಹಣ ಹೆಚ್ಚಾದ ಮಾತ್ರಕ್ಕೆ ಪುಟದ ಯೋಗ್ಯತೆ ಹೆಚ್ಚುವುದಿಲ್ಲ. ನಮ್ಮ ಅಗತ್ಯವನ್ನು ತಕ್ಕಡಿಯ ತಟ್ಟೆಗೆ ಹಾಕಿ ತೂಗುವುದೇ ಹೀನಾಧಿಕಮಾನ. ಅಗತ್ಯವನ್ನು ಬಾಯಿಬಿಟ್ಟು ಹೇಳಿ ಬೇಡುವುದರಲ್ಲಿ ಅಗೌರವವೇನೂ ಇಲ್ಲ.

ಮಾರುವವ, ಕೊಳ್ಳುವವ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ, ಅವನೇ ವಾಚಕ. ಮಾರಾಟವಾಗುವುದು ಅವನ ವಿಶ್ವಾಸ. ಗಾಂಧೀಜಿಯವರು ‘ಯಂಗ್ ಇಂಡಿಯಾ’, ‘ನವಜೀವನ’ಗಳನ್ನು ಜಾಹೀರಾತಿಲ್ಲದೆ ನಡೆಸಿದರು, ಪತ್ರಿಕೆಯ ಭಾರವನ್ನು ಓದುಗರೇ ಹೊರಬೇಕೆಂಬುದು ಅವರ ನಿಲುವು. ಎಲ್ಲರಿಗೂ ಅದು ಸಾಧ್ಯವಾಗದಿರಬಹುದು. ಆದರೆ ಹಣ ಪಡೆದು ಬರೆದ ಹೊಗಳಿಕೆಯನ್ನು ಲೇಖನದ ವೇಷದಲ್ಲಿ ಅಚ್ಚು ಹಾಕದಿರುವುದು ಎಲ್ಲರಿಗೂ ಸಾಧ್ಯ. 2009ರ ಲೋಕಸಭಾ ಚುನಾವಣೆಯ ಕಾಲದ ‘ಕಾಸಿಗಾಗಿ ಸುದ್ದಿ’ಯ ಪಿಡುಗು ಎಷ್ಟು ಹಬ್ಬಿತೆಂದರೆ ಭಾರತೀಯ ಪತ್ರಿಕಾ ಮಂಡಲಿಯು 2010ರಲ್ಲಿ ಅದರ ಬಗ್ಗೆ ವರದಿಯನ್ನೇ ಹೊರಡಿಸಬೇಕಾಯಿತು. ಅಕ್ಕಿಯಲ್ಲಿ ಕಲ್ಲು ಬೆರೆಸುವುದಕ್ಕೂ ಲೇಖನದಲ್ಲಿ ಜಾಹೀರಾತು ಬೆರೆಸುವುದಕ್ಕೂ ಭೇದವಿಲ್ಲ, ಎರಡೂ ಪ್ರತಿರೂಪಕವ್ಯವಹಾರಗಳೇ. ಇಂಥ ಪುಟಕ್ಕೆ ಹೆಚ್ಚು ದರವೂ ನ್ಯಾಯವಲ್ಲ, ಕಡಿಮೆ ದರವೂ ನ್ಯಾಯವಲ್ಲ.

ಆದ್ದರಿಂದ ಟ್ರಸ್ಟುಗಳೂ ಸಂಪಾದಕರೂ ಕೆಲವು ನಿಯಮಗಳನ್ನು ಮೊದಲೇ ಸ್ವೀಕರಿಸುವುದು ಲೇಸು. ಅಚ್ಚಾದ ಸಂಖ್ಯೆಯ ಪಕ್ಕದಲ್ಲಿ ಮನೆಮುಟ್ಟಿದ ಸಂಖ್ಯೆಯನ್ನೂ ದರಪಟ್ಟಿಯಲ್ಲಿ ನಮೂದಿಸಲಿ. ಪರಿಚಿತನಿಗೂ ಅಪರಿಚಿತನಿಗೂ ಒಂದೇ ದರವಿರಲಿ. ವರ್ಷದ ನಾಲ್ಕು ಸಂಚಿಕೆಗೂ ಕೊಡುವವನಿಗೆ ರಿಯಾಯಿತಿಯಿದ್ದರೆ ಅದು ಬಹಿರಂಗವಾಗಿರಲಿ. ಸಂಚಿಕೆಯ ಇಷ್ಟು ಪುಟಕ್ಕಿಂತ ಹೆಚ್ಚು ಜಾಹೀರಾತಿಗೆ ಸಲ್ಲದೆಂಬ ಪರಿಮಾಣವಿರಲಿ. ಒಪ್ಪಿದ ಪುಟ ಪ್ರಕಟವಾಗದಿದ್ದರೆ ಕೇಳುವ ಮೊದಲೇ ಹಣ ಹಿಂದಿರುಗಲಿ. ದೊಡ್ಡ ಮೊತ್ತವನ್ನು ಯಾರಾದರೂ ಮುಂದಿಟ್ಟ ಮೇಲೆ ನಿಯಮವನ್ನು ಯೋಚಿಸಲು ಕುಳಿತರೆ ಮನಸ್ಸು ಮೊತ್ತದ ಕಡೆಗೇ ವಾಲುತ್ತದೆ. ಮೊದಲೇ ಕೈಗೊಂಡದ್ದಕ್ಕೆ ವ್ರತವೆಂದು ಹೆಸರು. ಹೀಗೆ ನಡೆದರೆ ಮೊದಲ ವರ್ಷ ಎರಡು ಮೂರು ಪುಟಗಳ ಆದಾಯ ತಪ್ಪಬಹುದು. ಆದರೆ ಮನೆಮುಟ್ಟುವುದು ಎಂಟುನೂರೇ ಎಂದು ಹೇಳಿದ ಪತ್ರಿಕೆಯ ಮಾತನ್ನು ಜಾಹೀರಾತುದಾರನು ಮರುವರ್ಷ ತೂಗಿ ನೋಡುವ ಅಗತ್ಯವೇ ಬೀಳುವುದಿಲ್ಲ.