ವಿದ್ಯೆಯೂ ದಯೆಯೂ

ಕ್ರೌರ್ಯದ ಕಥೆಯನ್ನು ಮಕ್ಕಳಿಗೆ ಹೇಳಬೇಕೇ ಬೇಡವೇ ಎಂಬುದು ಪ್ರತಿಯೊಬ್ಬ ಗೃಹಸ್ಥನೂ ಆಲೋಚಿಸತಕ್ಕ ಪ್ರಶ್ನೆ. ಎಳೆಯ ಮನಸ್ಸು ಹಸಿಯ ಮಣ್ಣಿನಂತೆ. ಅದರ ಮೇಲೆ ಬಿದ್ದ ಗುರುತು ಬೇಗನೆ ಅಳಿಯದು. ಆದುದರಿಂದ ಸತ್ಪುರುಷರ ಚರಿತ್ರೆಯನ್ನು ಮಾತ್ರ ಹೇಳಬೇಕು, ದುಷ್ಟರ ಕೃತ್ಯವನ್ನು ಮರೆಯಲ್ಲಿಡಬೇಕು ಎನ್ನುವವರುಂಟು. ಹಳೆಯ ಗಾಯವನ್ನು ಕೆದಕಿದರೆ ದ್ವೇಷವೇ ಹುಟ್ಟೀತೆಂಬ ಭಯವೂ ಅವರಿಗುಂಟು. ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಈ ಪ್ರಶ್ನೆಯನ್ನು ಅದರ ಪೂರ್ಣ ಭಾರದೊಡನೆ ಎದುರಿಸಿದವರು ಹೋಲೋಕಾಸ್ಟ್ ಎಂಬ ಮಹಾಸಂಹಾರವನ್ನು ಶಾಲೆಗಳಲ್ಲಿ ಬೋಧಿಸುವ ಉಪಾಧ್ಯಾಯರು. 1933ರಿಂದ 1945ರವರೆಗೆ ಜರ್ಮನಿಯನ್ನಾಳಿದ ನಾಟ್ಸಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಅವರಲ್ಲಿ ಮಕ್ಕಳೇ ಸುಮಾರು 15 ಲಕ್ಷ. ಸತ್ತವರ ಅಪರಾಧವೇನು? ಅವರ ಹುಟ್ಟು. 1935ರ ನ್ಯೂರೆಂಬರ್ಗ್ ಶಾಸನಗಳೂ ಅವುಗಳ ಉಪನಿಯಮಗಳೂ ಮನುಷ್ಯನ ನಡೆನುಡಿಯನ್ನು ವಿಚಾರಿಸಲಿಲ್ಲ. ಅವನ ಅಜ್ಜ ಅಜ್ಜಿಯರಲ್ಲಿ ಯೆಹೂದ್ಯರೆಷ್ಟು ಮಂದಿಯೆಂದು ಎಣಿಸಿದವು. ಹುಟ್ಟನ್ನು ಬಿಟ್ಟು ನಡೆಯನ್ನು ನೋಡಬೇಕೆಂಬ ಶರಣರ ಬೋಧೆಯನ್ನು ಕೇಳಿ ಬೆಳೆದವರಿಗೆ ಈ ಅಧರ್ಮದ ಬೇರು ಎಲ್ಲಿದೆಯೆಂದು ತಿಳಿಯುವುದು ಕಷ್ಟವಲ್ಲ.

ಇದನ್ನು ನಡೆಸಿದವರು ಓದುಬರಹ ಬಾರದವರಲ್ಲ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೇ ಎಂಬಲ್ಲಿ 15 ಮಂದಿ ಅಧಿಕಾರಿಗಳು ಸಂಹಾರದ ವ್ಯವಸ್ಥೆಯನ್ನು ಚರ್ಚಿಸಲು ಸೇರಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಡಾಕ್ಟರೇಟ್ ಪಡೆದವರು! ಪೂರ್ವಪಕ್ಷಕ್ಕೆ ಮೊದಲ ಉತ್ತರವು ಇಲ್ಲಿಯೇ ದೊರೆಯುತ್ತದೆ. ವಿದ್ಯೆಯು ತಾನಾಗಿಯೇ ದಯೆಯನ್ನು ತರದು. ದಯೆಯಿಲ್ಲದೆಡೆಯಲ್ಲಿ ಧರ್ಮವು ನಿಲ್ಲದೆಂಬುದು ಬಸವಣ್ಣನವರ ಬೋಧೆ. ಅಲ್ಲಿ ವಿದ್ಯೆಯೂ ವಿದ್ಯೆಯಾಗಿ ಉಳಿಯದೆಂದು ಈ ಚರಿತ್ರೆ ತೋರಿಸುತ್ತದೆ. ಅರಿವು ಆಚಾರವಾಗದಿದ್ದರೆ ಅದು ಅನ್ಯರ ಕೊರಳಿಗೆ ಕತ್ತಿಯಾದೀತು. ಇದನ್ನು ತಿಳಿಸದೆ ಮಕ್ಕಳನ್ನು ಬರಿಯ ಜಾಣರನ್ನಾಗಿ ಮಾಡುವುದೇ ಅಪಾಯಕರ.

ಹಾಗಾದರೆ ಹೇಳುವ ಬಗೆ ಯಾವುದು? ಅಮೆರಿಕದ ಟೆನೆಸೀ ಪ್ರಾಂತದಲ್ಲಿ ವಿಟ್‌ವೆಲ್ ಎಂಬ ಪುಟ್ಟ ಊರು. ಜನಸಂಖ್ಯೆ ಸುಮಾರು 1,600. ಅಲ್ಲಿ ಯೆಹೂದ್ಯರ ಪರಿಚಯವೇ ಮಕ್ಕಳಿಗೆ ಇರಲಿಲ್ಲ. 1998ರಲ್ಲಿ ಅಲ್ಲಿನ ಶಾಲೆಯ ಉಪಾಧ್ಯಾಯರು ಈ ಪಾಠವನ್ನು ಆರಂಭಿಸಿದರು. 60 ಲಕ್ಷವೆಂದರೆ ಎಷ್ಟೆಂಬುದು ಮಕ್ಕಳ ಊಹೆಗೆ ನಿಲುಕಲಿಲ್ಲ. ಆಗ ಕಾಗದಗಳಿಗೆ ಸಿಕ್ಕಿಸುವ ತಂತಿಯ ಕ್ಲಿಪ್ಪುಗಳನ್ನು, ತಲೆಗೊಂದರಂತೆ, ಸಂಗ್ರಹಿಸತೊಡಗಿದರು. ನಾಟ್ಸಿಗಳ ಆಕ್ರಮಣಕಾಲದಲ್ಲಿ ನಾರ್ವೆಯ ಜನರು ಅದನ್ನು ಅಂಗಿಗೆ ಸಿಕ್ಕಿಸಿಕೊಂಡು ತಮ್ಮ ಮೌನ ವಿರೋಧವನ್ನು ಸೂಚಿಸಿದ್ದರು. ಲೋಕದ ಮೂಲೆಮೂಲೆಗಳಿಂದ 3 ಕೋಟಿಗೂ ಮೀರಿ ಕ್ಲಿಪ್ಪುಗಳು ಬಂದವು. ಅವುಗಳೊಡನೆ ಪತ್ರಗಳೂ ಬಂದವು. ಕೆಲವು ಪತ್ರಗಳಲ್ಲಿ ಸತ್ತ ಬಂಧುಗಳ ಹೆಸರುಗಳಿದ್ದವು. ಬದುಕುಳಿದವರು ಊರಿಗೆ ಬಂದು ತಮ್ಮ ಕಥೆಯನ್ನು ಹೇಳಿದರು. ಊರಿಗೆ ಊರೇ ಕುಳಿತು ಕೇಳಿತು. 2001ರಲ್ಲಿ ಜರ್ಮನಿಯಿಂದ ತರಿಸಿದ ರೈಲಿನ ಒಂದು ಹಳೆಯ ಡಬ್ಬಿಯು ಶಾಲೆಯ ಆವರಣದಲ್ಲಿ ಸ್ಮಾರಕವಾಯಿತು.

ಕ್ಲಿಪ್ಪನ್ನು ಎಣಿಸಿದ ಮಾತ್ರಕ್ಕೆ ದಯೆಯು ಹುಟ್ಟೀತೇ ಎಂದು ಕೇಳಬಹುದು. ಹುಟ್ಟದು. ಎಣಿಕೆಯು ಬಾಗಿಲು ಮಾತ್ರ. ಒಳಗೆ ಕರೆದೊಯ್ಯುವುದು ಹೆಸರು. ಅಂಕಿಗಳ ಹಿಂದಿರುವ ಮನುಷ್ಯರನ್ನು ತೋರಿಸಿರಿ ಎಂದೇ ವಾಷಿಂಗ್ಟನ್ನಿನಲ್ಲಿ 1993ರಲ್ಲಿ ತೆರೆದ ಸ್ಮಾರಕ ವಸ್ತುಸಂಗ್ರಹಾಲಯವು ಉಪಾಧ್ಯಾಯರಿಗೆ ಸೂಚಿಸಿದೆ. ಘೋರ ಚಿತ್ರಗಳಿಂದ ಮಕ್ಕಳನ್ನು ಬೆದರಿಸಬಾರದು. ಬಂದಿಗಳ ಸಂಕಟವನ್ನು ಆಟದಂತೆ ಅಭಿನಯಿಸಿಸಬಾರದು. ಒಬ್ಬರ ದುಃಖವನ್ನು ಮತ್ತೊಬ್ಬರ ದುಃಖದೊಡನೆ ತೂಗಬಾರದು ಎಂಬುದೂ ಆ ಸೂಚನೆಗಳ ತಾತ್ಪರ್ಯ. ಎಳೆಯ ಮನಸ್ಸಿನ ವಿಷಯದಲ್ಲಿ ಪೂರ್ವಪಕ್ಷಿಯು ಪಟ್ಟ ಆತಂಕಕ್ಕೆ ಇಲ್ಲಿ ಮನ್ನಣೆ ದೊರೆತಿದೆ. ಆದರೆ ಅದರ ಪರಿಹಾರ ಮರೆಮಾಚುವುದಲ್ಲ, ಜಾಗರೂಕತೆಯಿಂದ ಹೇಳುವುದು.

ಇನ್ನು ದ್ವೇಷದ ಭಯ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೊದಗಿದ ಮರಣವನ್ನು ಶರಣಪರಂಪರೆಯು ಮಕ್ಕಳಿಂದ ಮರೆಮಾಚಿಲ್ಲ. ಕೊಲ್ಲಿಸಿದವನ ಮೇಲೆ ಹಗೆಯನ್ನು ಬೆಳೆಸಲೆಂದು ಆ ಕಥೆಯನ್ನು ಹೇಳುವುದಿಲ್ಲ. ಸತ್ತವರ ನಿಲುವು ನಮ್ಮಲ್ಲಿ ಉಳಿಯಲೆಂದು ಹೇಳುತ್ತೇವೆ. ವಾರ್ಸಾ ನಗರದ ಯಾನುಷ್ ಕೊರ್ಚಾಕ್ ಎಂಬ ವೈದ್ಯನೂ ಶಿಕ್ಷಕನೂ ಆದ ಮಹಾನುಭಾವನ ಕಥೆಯನ್ನೂ ಹಾಗೆಯೇ ಕೇಳಬೇಕು. 1942ರ ಆಗಸ್ಟಿನಲ್ಲಿ ಆತನ ಅನಾಥಾಲಯದ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಸಾಗಿಸಿದರು. ತಾನೊಬ್ಬನು ಉಳಿಯುವ ಮಾರ್ಗವಿದ್ದರೂ ಆತನು ಒಲ್ಲದೆ ಮಕ್ಕಳೊಡನೆಯೇ ಹೋದನು. ಅರಿವು ಆಚಾರವಾದ ಗುರುವೆಂದರೆ ಆತನೇ. ಈ ಕಥೆಯನ್ನು ಕೇಳಿದ ಮಗುವಿನಲ್ಲಿ ಹಗೆಯಲ್ಲ, ಗೌರವವೇ ಮೊಳೆಯುತ್ತದೆ.

ಪಾಠವು ಶಾಲೆಯಲ್ಲಿ ಮುಗಿಯುವುದಿಲ್ಲ. ಉಪಾಧ್ಯಾಯನು ಹಗಲೆಲ್ಲ ಬಿತ್ತಿದ್ದನ್ನು ಸಂಜೆ ಮನೆಯ ಜಗುಲಿಯ ಮೇಲಿನ ಒಂದು ಮಾತು ಕಿತ್ತೊಗೆಯಬಹುದು. ಅನ್ಯಕುಲದವರನ್ನು ಹೀನವಾಗಿ ಆಡಿಕೊಳ್ಳುವ ತಂದೆಯ ನಾಲಗೆಯನ್ನೇ ಮಗು ಕಲಿಯುತ್ತದೆ, ಪುಸ್ತಕವನ್ನಲ್ಲ. ಮಹಾಸಂಹಾರವು ಆರಂಭವಾದುದು ಅಂಥ ನಾಲಗೆಗಳಲ್ಲಿಯೇ. ರೈಲುಗಾಡಿಗಳು ಹೊರಟದ್ದು ಅನಂತರ. ಆದುದರಿಂದ ಮಕ್ಕಳಿಗೆ ಹೇಳುವ ಮುನ್ನ ಹಿರಿಯರು ತಮ್ಮ ಮಾತನ್ನು ಶೋಧಿಸಿಕೊಳ್ಳಲಿ. ಹಾಗೆ ಶೋಧಿಸಿಕೊಂಡವರು ಹೇಳಿದ ಕ್ರೌರ್ಯದ ಕಥೆ ಮಗುವನ್ನು ಕೆಡಿಸದು, ಕಾಯುತ್ತದೆ.