ಮಗುವಿಗಾಗಿ ಮನೆಯೋ, ಮನೆಗಾಗಿ ಮಗುವೋ?

ಕೃಷ್ಣೆಯ ದಂಡೆಯ ಗಲಗಲಿ ಗಾಲವ ಋಷಿಯ ತಪೋಭೂಮಿ ಎಂಬುದು ಜನರ ನಂಬಿಕೆ. ಆ ಋಷಿ ಬಾಲ್ಯದಲ್ಲಿ ಮಾರಾಟಕ್ಕೆ ಬಂದ ಮಗುವಾಗಿದ್ದ. ಹರಿವಂಶದ ಪ್ರಕಾರ, ತಂದೆ ವಿಶ್ವಾಮಿತ್ರ ತಪಸ್ಸಿಗೆ ಹೋಗಿದ್ದಾಗ 12 ವರ್ಷದ ಬರ ಬಿತ್ತು. ಉಳಿದ ಮಕ್ಕಳನ್ನು ಬದುಕಿಸಲು ತಾಯಿ ನಡುವಿನ ಮಗನ ಕೊರಳಿಗೆ ಹಗ್ಗ ಕಟ್ಟಿ ನೂರು ಹಸುಗಳಿಗೆ ಮಾರಲು ಹೊರಟಳು. ರಾಜಕುಮಾರ ಸತ್ಯವ್ರತ ಹಗ್ಗ ಬಿಡಿಸಿದ. ಮಗುವನ್ನು ಒಯ್ಯದೆ ಇಡೀ ಸಂಸಾರಕ್ಕೆ ಅನ್ನ ಒದಗಿಸಿದ. ಐತರೇಯ ಬ್ರಾಹ್ಮಣದ ಶುನಃಶೇಪನ ಪಾಡು ಬೇರೆ. ತಂದೆ ಅಜೀಗರ್ತ ಅವನನ್ನು ನೂರು ಹಸುಗಳಿಗೆ ಮಾರಿದ. ಯಜ್ಞದ ಕಂಬಕ್ಕೆ ಕಟ್ಟಲು ಇನ್ನೂ ನೂರು, ಕಡಿಯಲು ಮತ್ತೂ ನೂರು ಕೇಳಿ ಪಡೆದ. ದೇವತೆಗಳು ಬಂಧನ ಬಿಡಿಸಿದ ಮೇಲೆ ಹುಡುಗ ಹೋಗಿ ಕೂತದ್ದು ಅದೇ ವಿಶ್ವಾಮಿತ್ರನ ತೊಡೆಯ ಮೇಲೆ. ಹೆತ್ತವನು ಕರೆದರೂ ಮರಳಲಿಲ್ಲ. ವಿಶ್ವಾಮಿತ್ರ ಅವನಿಗೆ ದೇವರಾತ ಎಂದು ಹೆಸರಿಟ್ಟು ಹಿರಿಯ ಮಗನ ಸ್ಥಾನವನ್ನೇ ಕೊಟ್ಟ.

ಎರಡು ಕಡೆಯೂ ಧರ್ಮವನ್ನು ತೀರ್ಮಾನಿಸಿದ್ದು ಮಗುವಿನ ಅಗತ್ಯ. ನಮ್ಮ ದತ್ತಕ ಪದ್ಧತಿ ಮುಂದೆ ಇದನ್ನು ತಿರುಗಿಸಿ ನಿಲ್ಲಿಸಿತು: ಪಿಂಡ ಇಡಲು, ಆಸ್ತಿ ಉಳಿಸಲು ಗಂಡು ಬೇಕು, ಅದಕ್ಕಾಗಿ ದತ್ತಕ. ಹೆಣ್ಣುಮಗುವಿಗೆ ಹಿಂದೂ ಕಾನೂನಿನ ಬಾಗಿಲು ಸ್ಪಷ್ಟವಾಗಿ ತೆರೆದದ್ದು 1956ರಲ್ಲಿ. ರಕ್ತ ಬೇರೆ, ಗೋತ್ರ ಬೇರೆ ಎಂಬ ಆಕ್ಷೇಪ ಇಂದಿಗೂ ಕೇಳುತ್ತದೆ. ಆದರೆ ಅದಕ್ಕೆ ಉತ್ತರ ಶುನಃಶೇಪನ ಕಥೆಯಲ್ಲೇ ಇದೆ. ವಿಶ್ವಾಮಿತ್ರನ ಹಿರಿಯ 50 ಮಕ್ಕಳು ದೇವರಾತನನ್ನು ಒಪ್ಪಲಿಲ್ಲ. ತಂದೆ ಅವರನ್ನೇ ದೂರ ಮಾಡಿದ. ಒಪ್ಪಿದ ಇನ್ನೊಬ್ಬ ಮಗ ಮಧುಚ್ಛಂದನೂ ಕಿರಿಯರೂ ಆಶೀರ್ವಾದ ಪಡೆದರು. ಹಿರಿಯರ ಸಂಕಟ ಸುಳ್ಳಲ್ಲ, ಅವರ ಪಾಲು ಕರಗುತ್ತಿತ್ತು. ಆದರೂ ಶ್ರುತಿ ನಿಂತದ್ದು ಬಂದ ಮಗುವಿನ ಪರ. 2015ರ ಬಾಲನ್ಯಾಯ ಕಾಯ್ದೆಯೂ ದತ್ತು ಮಗುವನ್ನು ದತ್ತು ಪಡೆದವರಿಗೇ ಹುಟ್ಟಿದ ಮಗು ಎಂದೇ ಕಾಣುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಹೀಗೆ ಬಡವರ ಮಕ್ಕಳು ಉಳ್ಳವರ ಮನೆ ಸೇರುವುದಿಲ್ಲವೇ? ಇದಕ್ಕೆ ಸತ್ಯವ್ರತನೇ ಉತ್ತರ. ಬಡತನವಷ್ಟೇ ಕಾರಣವಾದರೆ ನೆರವು ಸಲ್ಲಬೇಕಾದದ್ದು ತಾಯಿಗೆ. ಹೆತ್ತ ಮನೆ ನಿಜಕ್ಕೂ ಇಲ್ಲವಾದಾಗ ಮಾತ್ರ ಹೊಸ ಮನೆ, ಅದೂ ಶಾಶ್ವತವಾದದ್ದು. ಫಾಸ್ಟರ್ ಕೇರ್ ಎಂಬ ತಾತ್ಕಾಲಿಕ ಪಾಲನೆಯಲ್ಲಿರುವ ಮಗುವನ್ನು, ಕಾನೂನಿನಂತೆ ದತ್ತಕಕ್ಕೆ ಮುಕ್ತವಾಗಿದ್ದರೆ, 2 ವರ್ಷದ ನಂತರ ಅದೇ ಕುಟುಂಬ ದತ್ತು ಪಡೆಯಬಹುದೆಂದು 2024ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಮೊದಲು 5 ವರ್ಷ ಕಾಯಬೇಕಿತ್ತು. ಮಗುವನ್ನು ಸಾಕುವ ಮನಸ್ಸಿರುವ ಮುಧೋಳ, ಜಮಖಂಡಿ, ಬೀಳಗಿ ಕಡೆಯ ಕುಟುಂಬಗಳು ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಲಿ. ಗೋತ್ರ ಕೇಳದೆ ವಿಚಾರಿಸಲಿ.