ನೆರಳು ಯಾರ ಸೊತ್ತು?

ಕೆರೆ, ಬಾವಿ, ತೋಪುಗಳನ್ನು ಲೋಕಕ್ಕಾಗಿ ಮಾಡಿಸುವುದನ್ನು ಧರ್ಮಶಾಸ್ತ್ರಗಳು ‘ಪೂರ್ತ’ ಎನ್ನುತ್ತವೆ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದ್ದಾಗಿ ಅಶೋಕನ ಏಳನೆಯ ಸ್ತಂಭಶಾಸನ ಹೇಳುತ್ತದೆ.

ಇಂದಿನ ನಗರದಲ್ಲಿ ಆ ಕೆಲಸ ಉದ್ಯಾನಗಳದ್ದು. ಡಾಂಬರು, ಕಾಂಕ್ರೀಟು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿಯಿಡೀ ಕಾವು ಬಿಡುತ್ತವೆ. ಮರ ಬಿಸಿಲನ್ನು ಮೇಲೆಯೇ ತಡೆಯುತ್ತದೆ; ಬೇರು ಹೀರಿದ ನೀರು ಎಲೆಯ ಸೂಕ್ಷ್ಮರಂಧ್ರಗಳಿಂದ ಆವಿಯಾಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ರಸ್ತೆಯಿಂದ ಸುಮಾರು 240 ಎಕರೆಯ ಲಾಲ್‌ಬಾಗಿನೊಳಕ್ಕೆ ಕಾಲಿಟ್ಟವರ ಮೈಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಆ ತಂಪು ಬೇಲಿ ದಾಟಿ ಪಕ್ಕದ ಬೀದಿಗಳಿಗೂ ಹರಿಯುತ್ತದೆ, ಆದರೆ ಬಹುದೂರ ಹೋಗದು.

ಪ್ರಶ್ನೆ ಏಳುವುದು ಇಲ್ಲಿಯೇ. ಉದ್ಯಾನದ ಬಳಿಯ ನಿವೇಶನಕ್ಕೆ ಬೆಲೆ ಏರಿ, ತಂಪು ಉಳ್ಳವರ ಪಾಲಾಗುತ್ತದೆ. ಅದು ಹೆಚ್ಚು ಬೇಕಾಗಿರುವುದು ತಗಡಿನ ಸೂರಿನಡಿ ಬದುಕುವವರಿಗೆ, ತಳ್ಳುಗಾಡಿಯವರಿಗೆ, ಪೌರಕಾರ್ಮಿಕರಿಗೆ. ಪಡೆಯುವವರನ್ನು ಆರಿಸದಿರುವುದೇ ಪೂರ್ತದ ತಿರುಳು. ಅರಳಿಕಟ್ಟೆಯ ಮೇಲೆ ಕೂರುವ ಹಕ್ಕನ್ನು ಜಾತಿ ಕಸಿದುಕೊಂಡಾಗ ಆ ಧರ್ಮಕ್ಕೆ ಭಂಗ ಬಂತು. ನಡುಹಗಲು ಉದ್ಯಾನದ ಗೇಟಿಗೆ ಬೀಗ ಹಾಕಿದರೂ ಅಷ್ಟೇ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಗೇಟು ತೆರೆದಿರಬೇಕು. ಹೊಸ ಉದ್ಯಾನಗಳು ಮೊದಲು ಇಕ್ಕಟ್ಟಾದ ಕೇರಿಗಳಿಗೆ ಬರಬೇಕು.